ಲಿವರ್ ‘ಟಕ್’ ಅಂದ ಮಾತ್ರಕ್ಕೆ ಪ್ಲೇಟ್ ಕೂತಿದೆ ಅಂತ ನಂಬಬೇಡಿ

ಟ್ರೈಪಾಡ್ ಹೆಡ್ ಮೇಲೆ ಕ್ಯಾಮೆರಾ ಇಟ್ಟೆ. ಅಡಿಯಲ್ಲಿ ಸ್ಕ್ರೂ ಹಾಕಿ ಕೂರಿಸಿದ ಚಪ್ಪಟೆ ಪ್ಲೇಟನ್ನು ಹೆಡ್ಡಿನ ಕ್ಲ್ಯಾಂಪ್ ಕಚ್ಚಿಕೊಳ್ಳಲಿ ಅಂತ ಲಿವರ್ ಒತ್ತಿದೆ. ‘ಟಕ್’ ಅಂತು. ಆ ಸದ್ದು ಕೇಳಿದ ಮೇಲೆ ಯಾರೂ ಮತ್ತೆ ತಿರುಗಿ ನೋಡುವುದಿಲ್ಲ, ಅಲ್ವಾ? ನಾನೂ ನೋಡಲಿಲ್ಲ. ಹತ್ತು ನಿಮಿಷದಲ್ಲಿ ಕ್ಯಾಮೆರಾ ಬಂಡೆ ಮೇಲೆ ಮಕಾಡೆ ಬಿದ್ದಿತ್ತು. ಲೆನ್ಸ್ ಮೌಂಟ್ ಸೊಟ್ಟಗಾಗಿತ್ತು, ಫಿಲ್ಟರ್ ಗಾಜು ಪುಡಿಪುಡಿ.

ಎದೆ ಡವಗುಟ್ಟುತ್ತಿರುವಾಗಲೇ ಟ್ರೈಪಾಡ್ ಕಡೆ ನೋಡಿದೆ. ಕಾಲು ಮುರಿದಿರಲಿಲ್ಲ. ಬಾಲ್ ಹೆಡ್, ಅಂದರೆ ಗುಂಡಿನ ಮೇಲೆ ಎಲ್ಲ ಕಡೆ ವಾಲುವ ಹೆಡ್, ನಾನು ಬಿಗಿ ಮಾಡಿದ ಕೋನದಲ್ಲೇ ನಿಂತಿತ್ತು. ಲಿವರ್ ಕೂಡ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಒಳಗೆ ಪ್ಲೇಟ್ ಮಾತ್ರ ಇರಲಿಲ್ಲ.

ಹೆಡ್ ಕೊಳ್ಳುವಾಗ ನಾನು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದು ಒಂದೇ ವಿಷಯಕ್ಕೆ: ಎಷ್ಟು ಕಿಲೋ ತಡೆಯುತ್ತದೆ? ನನ್ನ ಕ್ಯಾಮೆರಾ, ಲೆನ್ಸ್ ಎರಡೂ ಸೇರಿದರೂ 3 ಕಿಲೋ ದಾಟಲ್ಲ. ಆದರೂ 20 ಕಿಲೋ ಅಂತ ಬರೆದಿದ್ದನ್ನೇ ಹುಡುಕಿ ತಂದೆ. ಆ ಅಂಕಿಯನ್ನು ಎಲ್ಲರೂ ಒಂದೇ ರೀತಿ ಅಳೆಯುವುದಿಲ್ಲ. ಒಬ್ಬರ 20 ಕಿಲೋ ಇನ್ನೊಬ್ಬರ 10 ಕಿಲೋಗಿಂತ ಗಟ್ಟಿ ಇರಬೇಕು ಅಂತೇನೂ ಇಲ್ಲ. ಅಷ್ಟಕ್ಕೂ ನನಗೆ ಕೈಕೊಟ್ಟಿದ್ದು ಬಾಲ್ ಅಲ್ಲ, ಅದರ ತಲೆಮೇಲಿನ ಕ್ಲ್ಯಾಂಪ್. ಅದರ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ. ಲಿವರ್ ಇದ್ದರೆ ಬೇಗ ಬಿಚ್ಚಿ ಬೇಗ ಹಾಕಬಹುದು, ಅಷ್ಟೇ ನನ್ನ ಲೆಕ್ಕ.

ಹೆಡ್ ಜೊತೆ ಬಂದ ಪ್ಲೇಟ್ ಕ್ಯಾಮೆರಾ ತಳಕ್ಕೆ ಹೋಯಿತು. ಅದು ಸರಿಯಾಗೇ ಕೂರುತ್ತಿತ್ತು. ಆಮೇಲೆ ಉದ್ದದ ಲೆನ್ಸಿನ ಕಾಲಿಗೆ (ಟ್ರೈಪಾಡಿಗೆ ಕೂರಿಸಲು ಲೆನ್ಸಿನ ಅಡಿಯಲ್ಲಿರುವ ಪಾದ) ಬೇರೊಂದು ಕಂಪನಿಯ ಉದ್ದನೆಯ ಪ್ಲೇಟ್ ತರಿಸಿದೆ. ‘ಆರ್ಕಾ ಮಾದರಿ’ ಅಂತ ಬರೆದಿತ್ತು. ನನ್ನ ಕ್ಲ್ಯಾಂಪ್ ಮೇಲೂ ಅದನ್ನೇ ಬರೆದಿತ್ತು. ಇನ್ನೇನು ಬೇಕು?

ಎಡವಿದ್ದು ಅಲ್ಲೇ. ಕ್ಯಾಮೆರಾ ತಳದ ಸ್ಕ್ರೂ ಇದೆಯಲ್ಲ, 1/4 ಇಂಚು, 3/8 ಇಂಚು, ಅವಕ್ಕೆ ಐಎಸ್‌ಒ 1222 ಅಂತ ಅಂತರರಾಷ್ಟ್ರೀಯ ಅಳತೆ ಇದೆ. ಅದಕ್ಕೇ ಯಾರ ಕ್ಯಾಮೆರಾಗೆ ಯಾರ ಸ್ಕ್ರೂ ಹಾಕಿದರೂ ಕೂರುತ್ತದೆ. ಪ್ಲೇಟಿನ ಕಥೆ ಹಾಗಲ್ಲ. ಸುಮಾರು 38 ಮಿಲಿಮೀಟರ್ ಅಗಲ, ಎರಡೂ ಬದಿ ಇಳಿಜಾರು. ಆರ್ಕಾ-ಸ್ವಿಸ್ ಅನ್ನುವ ಒಂದು ಕಂಪನಿಯ ವಿನ್ಯಾಸ ಇದು, ಮಿಕ್ಕವರೆಲ್ಲ ನೋಡಿ ಮಾಡಿಕೊಂಡಿದ್ದು. ಹಾಗಾಗಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ.

ತಿರುಗಿಸಿ ಬಿಗಿ ಮಾಡುವ ನಾಬ್ ಇರುವ ಕ್ಲ್ಯಾಂಪಿಗೆ ಇದು ಲೆಕ್ಕಕ್ಕೇ ಇಲ್ಲ. ಪ್ಲೇಟ್ ಸ್ವಲ್ಪ ಸಣ್ಣದಿದ್ದರೆ ಇನ್ನರ್ಧ ಸುತ್ತು ತಿರುಗಿಸಿದರಾಯಿತು, ಕಚ್ಚಿಕೊಳ್ಳುತ್ತದೆ. ಲಿವರ್ ಹಾಗಲ್ಲ. ಅದು ಮುಚ್ಚುವ ದೂರ ಮೊದಲೇ ಗೊತ್ತುಮಾಡಿದ್ದು. ಅಲ್ಲಿಗೆ ತಲುಪಿದರೆ ‘ಟಕ್’ ಅನ್ನುತ್ತದೆ, ಪ್ಲೇಟ್ ಸಿಕ್ಕಿರಲಿ, ಸಿಗದೇ ಇರಲಿ. ಬಿಗಿ ಹೊಂದಿಸಿಕೊಳ್ಳುವ ಪುಟ್ಟ ಸ್ಕ್ರೂ ಇರುವ ಲಿವರ್‌ಗಳೂ ಉಂಟು. ನನ್ನದರಲ್ಲಿ ಇರಲಿಲ್ಲ.

ಮನೆಗೆ ಬಂದು ಆ ಪ್ಲೇಟನ್ನು ಬರಿದಾಗಿ ಕ್ಲ್ಯಾಂಪಿಗೆ ಹಾಕಿ ಲಿವರ್ ಮುಚ್ಚಿದೆ. ಒಂದು ಕಾಗದದ ಚೂರು ತೂರಿಸಿದೆ. ಪ್ಲೇಟಿಗೂ ಕ್ಲ್ಯಾಂಪಿನ ದವಡೆಗೂ ನಡುವೆ ಸಲೀಸಾಗಿ ಓಡಾಡಿತು. ಹೆಬ್ಬೆರಳಿನಿಂದ ಉದ್ದಕ್ಕೆ ತಳ್ಳಿದರೆ ಪ್ಲೇಟ್ ಡ್ರಾಯರ್ ಥರ ಸರಿಯಿತು. ಮೇಲಕ್ಕೆ ಎತ್ತಿದರೆ ಮಾತ್ರ ಬರುತ್ತಿರಲಿಲ್ಲ. ಅದೇ ನನ್ನನ್ನು ಏಮಾರಿಸಿದ್ದು. ಅವತ್ತು ಕ್ಯಾಮೆರಾ ಹಿಡಿದು ಮೇಲಕ್ಕೆ ಎಳೆದು ನೋಡಿದ್ದೆ, ಗಟ್ಟಿಯಾಗಿತ್ತು. ಆಮೇಲೆ ಬಂಡೆಗಳ ನಡುವೆ ಹರಿಯುವ ನೀರಿಗೆ ಅಂತ ಲೆನ್ಸ್ ಕೆಳಮುಖ ಮಾಡಿದೆ. ನಿಧಾನಕ್ಕೆ ಜಾರುತ್ತಾ ಹೋಗಿರಬೇಕು. ನಾನು ರಿಮೋಟ್ ಹುಡುಕುತ್ತಾ ಬ್ಯಾಗಿನೊಳಗೆ ತಲೆ ತೂರಿಸಿದ್ದೆ.

ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ ಇದೆ. ಒಳ್ಳೆಯ ಪ್ಲೇಟಿನ ತಳದಲ್ಲಿ ಎರಡು ತುದಿಗೂ ಚಿಕ್ಕ ತಡೆ ಸ್ಕ್ರೂ ಇರುತ್ತವೆ. ಜಾರಿದರೂ ಕ್ಲ್ಯಾಂಪಿಗೆ ಬಡಿದು ನಿಲ್ಲಲಿ ಅಂತ. ನನ್ನ ಪ್ಲೇಟಿನಲ್ಲೂ ಇದ್ದವು. ಅವಿದ್ದರೆ ಪಕ್ಕದಿಂದ ತೂರಿಸಲು ಬರಲ್ಲ, ಲಿವರ್ ಪೂರ್ತಿ ತೆರೆದು ಮೇಲಿನಿಂದಲೇ ಕೂರಿಸಬೇಕು. ಸುಮ್ನೆ ರಗಳೆ ಅಂತ ನಾನೇ ಬಿಚ್ಚಿ ಎಸೆದಿದ್ದೆ. ಪ್ಲೇಟ್ ಮಾಡಿದವರ ಮೇಲೆ ನನಗೆ ಎಷ್ಟೇ ಕೋಪ ಇದ್ದರೂ, ಇದನ್ನು ಅವರ ತಲೆಗೆ ಕಟ್ಟಲಾರೆ.

ದೂರು ಕೊಟ್ಟೆ. ಪ್ಲೇಟ್ ಮಾರಿದವರು ‘ನಿಮ್ಮ ಕ್ಲ್ಯಾಂಪ್ ಸರಿಯಿಲ್ಲ’ ಅಂದರು. ಕ್ಲ್ಯಾಂಪಿನವರು ‘ನಮ್ಮ ಪ್ಲೇಟ್ ಹಾಕಬೇಕಿತ್ತು’ ಅಂದರು. ಎಲ್ಲರಿಗೂ ಒಂದೇ ಅಂತ ಅಳತೆಯೇ ಇಲ್ಲದ ಮೇಲೆ ಯಾರನ್ನು ಹಿಡಿದು ಕೇಳುವುದು?

ಹೊಸ ಪ್ಲೇಟ್ ಬಂದರೆ ಮೊದಲು ಕ್ಯಾಮೆರಾ ಇಲ್ಲದೆ ಹಾಕಿ, ಉದ್ದಕ್ಕೆ ಜೋರಾಗಿ ತಳ್ಳಿ ನೋಡಿ. ಎಳೆದು ನೋಡುವುದಲ್ಲ, ತಳ್ಳಿ. ಲಿವರ್ ಕೊನೆಯಲ್ಲಿ ಬೆರಳಿಗೆ ಸ್ವಲ್ಪವೂ ಬಿಗಿ ಕೊಡದೆ ಮುಚ್ಚಿದರೆ ಅನುಮಾನ ಪಡಿ. ಎರಡು ಹೆಡ್, ಮೂರು ಪ್ಲೇಟ್ ಇದ್ದರೆ ಆರು ಜೋಡಿಯನ್ನೂ ನೋಡಬೇಕು. ಬೇಜಾರಿನ ಕೆಲಸ, ಹತ್ತು ನಿಮಿಷ ಹಿಡಿಯುತ್ತದೆ. ಆಮೇಲೆ ಕ್ಯಾಮೆರಾ ಹಾಕಿ, ಹಾಸಿಗೆ ಮೇಲೆ, ಕೆಳಗೆ ಕೈ ಕೊಟ್ಟುಕೊಂಡೇ ಓರೆ ಮಾಡಿ. ಬಾಲ್ ಹೆಡ್‌ನ ದೊಡ್ಡ ನಾಬ್ ಸಡಿಲಿಸುವಾಗಲೂ ಇನ್ನೊಂದು ಕೈ ಕ್ಯಾಮೆರಾ ಮೇಲಿರಲಿ, ಇಲ್ಲದಿದ್ದರೆ ಭಾರದ ಲೆನ್ಸ್ ದಪ್ಪನೆ ವಾಲಿ ಬೆರಳು ಚಚ್ಚುತ್ತದೆ.

ಕ್ಯಾಮೆರಾ ತಳಕ್ಕೆ ಹಾಕುವ ಪ್ಲೇಟ್ ಆದರೆ ಅಂಚಿನಲ್ಲಿ ಕ್ಯಾಮೆರಾಗೆ ಆನಿಕೊಂಡು ಹೊರಳದಂತೆ ತಡೆಯುವ ಸಣ್ಣ ತುಟಿ ಇದೆಯಾ ನೋಡಿ. ಬರೀ ರಬ್ಬರ್ ಹಾಸಿರುವ ಪ್ಲೇಟ್, ಕ್ಯಾಮೆರಾ ಉದ್ದುದ್ದ ತಿರುಗಿಸಿದಾಗ ಸ್ಕ್ರೂ ಸುತ್ತ ಮೆಲ್ಲಗೆ ಹೊರಳುತ್ತದೆ. ಅದಕ್ಕೆ ಅಂತ ಸ್ಕ್ರೂ ಮೈಮರೆತು ಬಿಗಿ ಮಾಡಲು ಹೋಗಬೇಡಿ, ಕ್ಯಾಮೆರಾ ತಳವೇ ಹಾಳಾದೀತು.

ನಾನು ಈಗ ನಾಬ್ ಕ್ಲ್ಯಾಂಪಿಗೆ ಬಂದಿದ್ದೇನೆ. ತಡೆ ಸ್ಕ್ರೂ ಹೊಸದಾಗಿ ತಂದು ಹಾಕಿದ್ದೇನೆ. ಆ ಪ್ಲೇಟ್ ಬಿಸಾಡಿಲ್ಲ, ನಾಬ್‌ನಲ್ಲಿ ಚೆನ್ನಾಗೇ ಕಚ್ಚುತ್ತದೆ. ತಳದಲ್ಲಿ ಮಾರ್ಕರಿನಿಂದ ದಪ್ಪಗೆ ‘ಲಿವರ್‌ಗೆ ಬೇಡ’ ಅಂತ ಬರೆದಿಟ್ಟಿದ್ದೇನೆ.