ಕೊಬ್ಬು ಹೆಪ್ಪುಗಟ್ಟಿಸುವ ಚಿಕಿತ್ಸೆ: ಎರಡೂವರೆ ವರ್ಷದ ನಂತರ ನನ್ನ ಅನುಭವ

ಎರಡನೆಯ ಸಿಸೇರಿಯನ್ ಆದ ಮೇಲೆ ಹೊಲಿಗೆಯ ಗೆರೆಯ ಮೇಲೆ ಒಂದು ಮಡಿಕೆ ಕೊಬ್ಬು ಉಳಿದುಬಿಟ್ಟಿತು. ಆರು ವರ್ಷ ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆ ಸುತ್ತಿದೆ. ಮೈ ಇಳಿಯಿತು, ಆ ಮಡಿಕೆ ಮಾತ್ರ ಅಲ್ಲಾಡಲಿಲ್ಲ. ಕೊನೆಗೆ ಮೈಸೂರಿನಲ್ಲೇ ಒಂದು ಚರ್ಮ ಚಿಕಿತ್ಸಾ ಕೇಂದ್ರದಲ್ಲಿ ಕ್ರಯೋಲಿಪೊಲಿಸಿಸ್, ಅಂದರೆ ಕೊಬ್ಬನ್ನು ಚಳಿಯಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆ, ಮಾಡಿಸಿಕೊಂಡೆ. ಇದರ ಫಲ ಪೂರ್ತಿ ಕಾಣಲು ಎರಡು ಮೂರು ತಿಂಗಳು ಬೇಕು, ದೊಡ್ಡ ಕೆಡುಕು ತಲೆಯೆತ್ತಲೂ ಕೆಲವು ತಿಂಗಳು ಹಿಡಿಯುತ್ತದೆ. ಹಾಗಾಗಿ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ಧನುರ್ಮಾಸದ ಚಳಿಯಲ್ಲಿ ಡಬ್ಬಿಯ ತುಪ್ಪ ಗಟ್ಟಿಯಾಗುತ್ತದೆ, ಪಕ್ಕದ ಬಿಂದಿಗೆಯ ನೀರು ನೀರಾಗಿಯೇ ಇರುತ್ತದೆ. ಈ ಚಿಕಿತ್ಸೆ ನಿಂತಿರುವುದೂ ಅದರ ಮೇಲೆಯೇ: ಚರ್ಮ ತಡೆದುಕೊಳ್ಳುವಷ್ಟು ಚಳಿಗೆ ಕೊಬ್ಬಿನ ಕೋಶ ಸಾಯುತ್ತದೆ, ಸತ್ತದ್ದನ್ನು ದೇಹ ನಿಧಾನವಾಗಿ ಸಾಗಿಸುತ್ತದೆ. ಐಸ್‌ಕ್ಯಾಂಡಿ ಚೀಪುವ ಮಕ್ಕಳ ಕೆನ್ನೆಯ ಕೊಬ್ಬಿಗೆ ಹಾನಿಯಾಗುವುದನ್ನು ವೈದ್ಯರು ಹಿಂದೆಯೇ ಗುರುತಿಸಿದ್ದರು. ಅದೇ ಎಳೆ ಹಿಡಿದು ಅಮೆರಿಕದ ವೈದ್ಯರಾದ ಡೀಟರ್ ಮ್ಯಾನ್‌ಸ್ಟೈನ್ ಮತ್ತು ರಾಕ್ಸ್ ಆಂಡರ್ಸನ್ ಈ ವಿಧಾನವನ್ನು ರೂಪಿಸಿದರು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಸೊಂಟದ ಪಕ್ಕೆಗಳಿಗೆ, 2012ರಲ್ಲಿ ಹೊಟ್ಟೆಗೆ ಒಪ್ಪಿಗೆ ಕೊಟ್ಟಿತು.

ಚಳಿಗೆ ಚರ್ಮ ಸುಡದಿರಲೆಂದು ಜೆಲ್‌ನಲ್ಲಿ ಅದ್ದಿದ ಬಟ್ಟೆ ಹಾಸಿ ಅದರ ಮೇಲೆ ಬಟ್ಟಲಿನಂಥ ಸಾಧನ ಇಟ್ಟರು. ಅದು ಮಡಿಕೆಯನ್ನು ಒಳಕ್ಕೆಳೆದುಕೊಂಡಿತು. ಮೊದಲ ಹತ್ತು ನಿಮಿಷ ಚಳಿಯೋ ಉರಿಯೋ ತಿಳಿಯದ ನೋವು, ಆಮೇಲೆ ಜೋಮು. ಸುಮಾರು ಒಂದು ಗಂಟೆಯ ನಂತರ ತೆಗೆದಾಗ ಹೊಟ್ಟೆಯ ಮೇಲೆ ಬಟ್ಟಲಿನದೇ ಆಕಾರದಲ್ಲಿ ಕೆಂಪಗೆ ಒಂದು ಗಟ್ಟಿ ಮುದ್ದೆ ನಿಂತಿತ್ತು. ಅದನ್ನು ಎರಡು ನಿಮಿಷ ತಿಕ್ಕಿ ಮೆದುಗೊಳಿಸಿದರು. ಇಡೀ ಚಿಕಿತ್ಸೆಯಲ್ಲಿ ಕಣ್ಣಲ್ಲಿ ನೀರು ಬಂದದ್ದು ಆಗ ಮಾತ್ರ. ಮೂರು ವಾರ ಆ ಜಾಗಕ್ಕೆ ಸ್ಪರ್ಶವೇ ಇರಲಿಲ್ಲ. ಲಂಗದ ಲಾಡಿ ಬಿಗಿಯಾಯಿತೋ ಸಡಿಲವಾಯಿತೋ ಕನ್ನಡಿ ನೋಡಿಯೇ ತಿಳಿದುಕೊಳ್ಳಬೇಕಿತ್ತು.

ಮೂರು ತಿಂಗಳಿಗೆ ಟೇಪು ಎರಡೂವರೆ ಸೆಂಟಿಮೀಟರ್ ಕಡಿಮೆ ತೋರಿಸಿತು. ತೂಕ ಮೊದಲೂ 64 ಕೆ.ಜಿ., ಆಮೇಲೂ 64. ಒಂದು ಸಲಕ್ಕೆ ಆ ಜಾಗದ ಕೊಬ್ಬಿನ ಪದರ ಸುಮಾರು ಶೇಕಡಾ 20ರಿಂದ 25ರಷ್ಟು ತೆಳುವಾಗುತ್ತದೆ ಎನ್ನುತ್ತಾರೆ. ನನಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ತೂಕ ಇಳಿಸುವ ಚಿಕಿತ್ಸೆ ಎಂದು ಮಾರುವುದು ಮೋಸ. ಸತ್ತ ಕೋಶ ಮರಳುವುದಿಲ್ಲ, ನಿಜ. ಉಳಿದ ಕೋಶಗಳು ಉಬ್ಬುತ್ತವೆ. ಕಳೆದ ವರ್ಷ ಮೂರು ಕಿಲೋ ಏರಿದಾಗ ಮಡಿಕೆ ಅರ್ಧ ಮರಳಿತ್ತು, ತೂಕ ಇಳಿದ ಮೇಲೆ ಹೋಯಿತು.

ನನಗೆ ಸಿಟ್ಟು ಇರುವುದು ಫಲ ಚಿಕ್ಕದೆಂದಲ್ಲ, ಹೇಳಬೇಕಾದದ್ದನ್ನು ಹೇಳಲಿಲ್ಲವೆಂದು. ಅಪರೂಪಕ್ಕೆ ಕೆಲವರಲ್ಲಿ ಕೊಬ್ಬು ಕರಗುವ ಬದಲು ಅದೇ ಜಾಗದಲ್ಲಿ ಗಟ್ಟಿಯಾಗಿ ಬೆಳೆಯುತ್ತದೆ. ಪ್ಯಾರಡಾಕ್ಸಿಕಲ್ ಅಡಿಪೋಸ್ ಹೈಪರ್‌ಪ್ಲೇಸಿಯಾ ಎಂದು ಅದರ ಹೆಸರು. ತಾನಾಗಿ ಇಳಿಯುವಂಥದ್ದಲ್ಲ, ತೆಗೆಸಲು ಸಾಮಾನ್ಯವಾಗಿ ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ ಲೈಪೊಸಕ್ಷನ್ನೇ ಬೇಕು, ಅಂದರೆ ಯಾವುದನ್ನು ತಪ್ಪಿಸಲು ಹೋದೆವೋ ಅದೇ. ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತಮಗೆ ಹೀಗಾಯಿತೆಂದು 2021ರಲ್ಲಿ ಬಹಿರಂಗವಾಗಿ ಹೇಳಿಕೊಂಡಿದ್ದರು. ಇದನ್ನೆಲ್ಲ ನಾನು ಓದಿದ್ದು ಚಿಕಿತ್ಸೆಯಾದ ಎರಡನೆಯ ವಾರ. ಅಲ್ಲಿಂದ ಮೂರು ತಿಂಗಳು ಪ್ರತಿದಿನ ಸ್ನಾನದ ಹೊತ್ತಿಗೆ ಹೊಟ್ಟೆ ಮುಟ್ಟಿ ನೋಡಿಕೊಂಡು ಹೆದರಿದ್ದೇನೆ. ಕೇಂದ್ರಕ್ಕೆ ಹೋಗಿ ಕೇಳಿದರೆ, ‘ನಮ್ಮಲ್ಲಿ ಯಾರಿಗೂ ಆಗಿಲ್ಲ ಮೇಡಂ’ ಎಂದರು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಕೊನೆಯ ಪುಟ ತೆರೆದು ಸಹಿಯ ಜಾಗ ತೋರಿಸಿದ್ದರು.

ಇನ್ನೊಂದು ಲೋಪ ನಮ್ಮ ಮನೆಯ ಡಾಕ್ಟರಮ್ಮ ಹೇಳಿದ ಮೇಲೆ ತಿಳಿಯಿತು. ಹಳೆಯ ಹೊಲಿಗೆಯ ಕೆಳಗೆ ಹರ್ನಿಯಾ ಇದ್ದರೆ ಅಲ್ಲಿ ಈ ಸಾಧನ ಇಡಬಾರದು. ಕ್ರಯೋಗ್ಲೋಬ್ಯುಲಿನೀಮಿಯಾದಂಥ, ಚಳಿಗೆ ರಕ್ತವೇ ಏರುಪೇರಾಗುವ ಕಾಯಿಲೆ ಇರುವವರಿಗಂತೂ ಈ ಚಿಕಿತ್ಸೆ ಕೂಡದು. ಹೊಲಿಗೆ ಕಣ್ಣೆದುರೇ ಇದ್ದರೂ ಕೇಂದ್ರದಲ್ಲಿ ಯಾರೂ ಕೇಳಲಿಲ್ಲ, ಒತ್ತಿ ನೋಡಲಿಲ್ಲ. ಎರಡನೆಯ ಸಲಕ್ಕೆ ರಿಯಾಯಿತಿ ಕೊಡುತ್ತೇವೆಂದು ಫೋನ್ ಬಂತು, ನಾನು ಹೋಗಲಿಲ್ಲ.

ಕಳೆದ ತಿಂಗಳು ಮಂಡ್ಯದಿಂದ ಬಂದಿದ್ದ ನಾದಿನಿ, ‘ಅತ್ತಿಗೆ, ನಾನೂ ಮಾಡಿಸಿಕೊಳ್ಳಲೇ?’ ಎಂದಳು. ಅಡುಗೆಮನೆಯಲ್ಲೇ ನಿಲ್ಲಿಸಿಕೊಂಡು ಹೊಟ್ಟೆ ಚಿವುಟಿ ನೋಡಿದೆ. ಬೆರಳಿಗೆ ಏನೂ ಸಿಗಲಿಲ್ಲ, ತಂಬೂರಿಯ ಬುರುಡೆಯ ಹಾಗೆ ಬಿಗಿಯಾಗಿತ್ತು. ಅವಳ ಕೊಬ್ಬು ಚರ್ಮದ ಕೆಳಗಲ್ಲ, ಒಳಗೆ ಕರುಳಿನ ಸುತ್ತ ಸೇರಿದ್ದು. ಅಲ್ಲಿಗೆ ಈ ಚಳಿ ತಲುಪುವುದೇ ಇಲ್ಲ. ಬೇಡ ಎಂದೆ, ಮೊದಲು ಸಕ್ಕರೆ ಪರೀಕ್ಷೆ ಮಾಡಿಸೆಂದು ಕಳುಹಿಸಿದೆ.