ರೈಡಿಂಗ್ ಮೋವರ್ ಸ್ಟೇರಿಂಗ್ ಕಿಟ್: ಗೇರಿಗೆ ಅಡ್ಡಿಯಿಲ್ಲ, ಬುಷ್ ಸಾಲದು

ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಗೆ (ರೈಡಿಂಗ್ ಮೋವರ್) ಆನ್‌ಲೈನಿನಲ್ಲಿ ಸಿಗುವ ಡುಪ್ಲಿಕೇಟ್ ಸ್ಟೇರಿಂಗ್ ಕಿಟ್ ಇದು. ಒಳಗೆ ಸೆಕ್ಟರ್ ಪ್ಲೇಟ್ (ಬೀಸಣಿಗೆ ಆಕಾರದ, ಅಂಚಿಗೆ ಹಲ್ಲಿರುವ ಉಕ್ಕಿನ ತಗಡು), ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್, ಶಾಫ್ಟನ್ನು ಅಲ್ಲಾಡದಂತೆ ಹಿಡಿಯುವ ಎರಡು ಪ್ಲಾಸ್ಟಿಕ್ ಬಳೆ ಅಂದರೆ ಬುಷ್, ಒಂದಿಷ್ಟು ವಾಷರ್. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಕಳೆದ ಒಂದೂವರೆ ಅಂಕ ಪೂರ್ತಿ ಬುಷ್ ಲೆಕ್ಕಕ್ಕೆ.

ದುಡ್ಡು ಹಾಕುವ ಮುಂಚೆ ಗಾಡಿ ಪರೀಕ್ಷೆ ಮಾಡಿ. ಎಂಜಿನ್ ಆಫ್ ಮಾಡಿ ಒಬ್ಬರು ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸಲಿ, ಇನ್ನೊಬ್ಬರು ಕೆಳಗೆ ಇಣುಕಿ ನೋಡಲಿ. ಪಿನಿಯನ್ ತಿರುಗಿದರೂ ಸೆಕ್ಟರ್ ಅಲ್ಲಾಡದಿದ್ದರೆ ಹಲ್ಲು ಸವೆದಿದೆ. ಪಿನಿಯನ್ ಶಾಫ್ಟೇ ಪಕ್ಕಕ್ಕೆ ಸರಿಯುತ್ತಿದ್ದರೆ ಬುಷ್ ಹೋಗಿದೆ. ಎರಡೂ ಸರಿಯಿದ್ದು ಚಕ್ರ ಮಾತ್ರ ತಡವಾಗಿ ತಿರುಗಿದರೆ ಡ್ರ್ಯಾಗ್ ಲಿಂಕಿನ (ಸೆಕ್ಟರಿನಿಂದ ಚಕ್ರದ ಕಡೆ ಹೋಗುವ ಸರಳು) ಬಾಲ್ ಜಾಯಿಂಟ್ ನೋಡಿ. ಅದಕ್ಕೆ ಈ ಕಿಟ್ ಬೇಕಿಲ್ಲ.

ಬುಷ್ ಸವೆದಂತೆ ಪಿನಿಯನ್ ಸೆಕ್ಟರಿನಿಂದ ದೂರ ಸರಿಯುತ್ತದೆ. ಆಗ ಹಲ್ಲಿನ ತುದಿಯಷ್ಟೇ ಕಚ್ಚಿಕೊಂಡು, ತುದಿ ದುಂಡಗಾಗಿ, ಕೊನೆಗೆ ತಿರುವಿನಲ್ಲಿ ಟಕ್ ಅಂತ ಹಲ್ಲು ಹಾರುತ್ತದೆ. ನಡುವಿನ ಹಲ್ಲುಗಳೇ ಮೊದಲು ಹೋಗುತ್ತವೆ, ನೇರ ಓಡುವಾಗ ದುಡಿಯುವುದು ಅವೇ ತಾನೆ. ಗೇರಿಗೆ ಮುಚ್ಚಳ ಇಲ್ಲ. ದಾವಣಗೆರೆಯ ಬೇಸಿಗೆ ದೂಳು, ಚಿತ್ರದುರ್ಗದ ಕಡೆಯ ಕಲ್ಲುಪುಡಿ ಗ್ರೀಸಿಗೆ ಅಂಟಿದರೆ ಪ್ರತಿ ತಿರುವಿಗೂ ಹಲ್ಲು ತೇಯುತ್ತದೆ. ನಿಂತ ಗಾಡಿಯಲ್ಲೇ ಸ್ಟೇರಿಂಗ್ ಜಗ್ಗುವ ಡ್ರೈವರ್ ಇದ್ದರಂತೂ ಕೇಳುವುದೇ ಬೇಡ.

ಕಿಟ್‌ನ ಸೆಕ್ಟರ್ ದಪ್ಪ ಹಳೆಯದಕ್ಕೆ ಸರಿಹೊಂದುತ್ತದೆ, ತೂತುಗಳೂ ಕೂಡುತ್ತವೆ. ಅಂಚಿನಲ್ಲಿ ತಗಡು ಕತ್ತರಿಸಿದ ಮುಳ್ಳು ಉಳಿದಿರುತ್ತದೆ, ಅರ ಹಾಕಿ ತೆಗೆಯಿರಿ. ಬುಷ್ ಮಾತ್ರ ಶಾಫ್ಟಿಗೆ ಹಾಕಿದ ಕೂಡಲೇ ಅಲ್ಲಾಡುತ್ತದೆ. ಅದನ್ನೇ ಕೂರಿಸಿದರೆ ಹೊಸ ಗೇರಿಗೂ ಹಳೇ ಗತಿಯೇ. ಶಾಫ್ಟನ್ನು ವರ್ನಿಯರ್‌ನಲ್ಲಿ ಮೂರು ಕಡೆ ಅಳೆದು, ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್ ಮಾಡಿಸಿ. ಶಾಫ್ಟಿಗೂ ಬುಷ್‌ಗೂ ನಡುವೆ 0.1 ಮಿ.ಮೀ. ಸಂದು ಸಾಕು. ಶಾಫ್ಟಿನಲ್ಲೇ ಗೀರು ಬಿದ್ದು ಮೆಟ್ಟಿಲಾಗಿದ್ದರೆ ಬುಷ್ ಒಂದರಿಂದ ಆಗುವುದಿಲ್ಲ, ಅದನ್ನೂ ಬದಲಿಸಿ.

ಹಲ್ಲಿಗೆ ವೆಲ್ಡಿಂಗ್ ಮಾಡಿ ಅರದಲ್ಲಿ ತಿದ್ದಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಒಪ್ಪಬೇಡಿ. ಕೈಯಲ್ಲಿ ತಿದ್ದಿದ ಹಲ್ಲು ಒಂದೊಂದು ಒಂದೊಂದು ಆಕಾರ, ಒಂದು ಕಡೆ ಗಟ್ಟಿ ಇನ್ನೊಂದು ಕಡೆ ಮೆದು. ಅದು ಪಿನಿಯನನ್ನೂ ತಿಂದು ಹಾಕುತ್ತದೆ. ಸೆಕ್ಟರ್, ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು.

ಅಮೆರಿಕದ ಮಾದರಿಗಳಿಗೆ ಇಂಚಿನ ಪಾನಾ ಜೋಡಿಸಿಕೊಂಡೇ ಕೆಲಸ ಶುರುಮಾಡಿ. 9/16 ಇಂಚಿನ ನಟ್ಟಿಗೆ 14 ಮಿ.ಮೀ. ಪಾನಾ ಹೋಗುವುದಿಲ್ಲ, 15 ಹಾಕಿದರೆ ಮೂಲೆ ಉರುಟಾಗುತ್ತದೆ. ಅರ್ಧ ಇಂಚಿಗೆ 13, ಮುಕ್ಕಾಲು ಇಂಚಿಗೆ 19 ನಡೆಯುತ್ತದೆ.

ಕೀ ತೆಗೆದು, ಸ್ಪಾರ್ಕ್ ಪ್ಲಗ್ ವೈರ್ ಬಿಚ್ಚಿ, ಬ್ಯಾಟರಿಯ ಮೈನಸ್ ಕಳಚಿ. ಬ್ಲೇಡಿನ ಡೆಕ್ ಇಳಿಸಿದರೆ ಕೈ ಆಡುತ್ತದೆ. ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಚಕ್ರ ನೇರ ಮಾಡಿ, ಬಿಚ್ಚುವ ಮುನ್ನ ವಾಷರುಗಳ ಕ್ರಮದ ಫೋಟೋ ತೆಗೆದುಕೊಳ್ಳಿ. ಡ್ರ್ಯಾಗ್ ಲಿಂಕ್ ನಟ್, ಸೆಕ್ಟರ್ ತಿರುಗುವ ನಡುಬೋಲ್ಟ್ (ತಿರುಗುಬೋಲ್ಟ್), ಆಮೇಲೆ ಪಿನಿಯನ್ ಶಾಫ್ಟ್, ಹೆಚ್ಚಿನ ಗಾಡಿಗಳಲ್ಲಿ ಈ ಕ್ರಮ ಸರಿ. ಜೋಡಿಸುವಾಗ ಸೆಕ್ಟರಿನ ನಡು ಹಲ್ಲಿಗೆ ಗುರುತು ಹಾಕಿ ಆ ಹಲ್ಲೇ ಪಿನಿಯನ್ನಿಗೆ ಕಚ್ಚುವಂತೆ ಕೂರಿಸಿ. ಒಂದು ಹಲ್ಲು ಆಚೀಚೆ ಆದರೂ ಒಂದು ಕಡೆ ಪೂರ್ತಿ ತಿರುಗುತ್ತದೆ, ಇನ್ನೊಂದು ಕಡೆ ಬೇಗ ನಿಲ್ಲುತ್ತದೆ. ನೈಲಾನ್ ಲಾಕ್ ನಟ್ ಹೊಸದೇ ಹಾಕಿ, ಕಿಟ್‌ನಲ್ಲಿ ಅದು ಇಲ್ಲ. ತಿರುಗುಬೋಲ್ಟ್ ಬಿಗಿಯಾದ ಮೇಲೂ ಸೆಕ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು.

ಗಾಡಿ ಎತ್ತಿರುವಾಗಲೇ ಲಿಂಕ್ ಹಾಕದೆ ಮುಂದಿನ ಚಕ್ರ ಎಡ ಬಲ ತಿರುಗಲು ಇರುವ ಎರಡೂ ಸ್ಪಿಂಡಲನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿ ಅನಿಸಿದರೆ ಗ್ರೀಸ್ ತುಂಬುವ ನಿಪ್ಪಲ್‌ಗೆ ಗ್ರೀಸ್ ಗನ್ ಹಿಡಿದು ಹಳೇ ಕಪ್ಪು ಗ್ರೀಸ್ ಹೊರಬರುವ ತನಕ ಹೊಡೆಯಿರಿ. ಗೇರಿಗೆ ಲಿಥಿಯಂ ಗ್ರೀಸ್ ತೆಳ್ಳಗೆ ಬಳಿದರೆ ಸಾಕು. ಮುಂದಿನ ಟೈರಿಗೆ ಕೈಪಿಡಿ ಹೇಳಿದಷ್ಟು ಗಾಳಿ ಇರಲಿ, ಹಲವು ಮಾದರಿಗಳಲ್ಲಿ ಅದು 14 ಪಿಎಸ್‌ಐ. ಪಂಕ್ಚರ್ ಅಂಗಡಿಯವರು ಕಾರಿನ ಲೆಕ್ಕದಲ್ಲಿ 30 ತುಂಬಿಬಿಡುತ್ತಾರೆ, ಮೊದಲೇ ಹೇಳಿ.

ಕಂಪನಿಯ ಬಿಡಿಭಾಗ ಸಿಗುವ ಮಾದರಿಯಾದರೆ ಅದೇ ಮೇಲು. ಮಳೆಗಾಲದಲ್ಲಿ ಹುಲ್ಲು ಏರಿ ನಿಂತಿದೆ, ಪಾರ್ಸೆಲ್‌ಗೆ ಕಾಯಲು ಆಗದು ಅನ್ನುವವರು ಈ ಕಿಟ್ ತಗೊಂಡು ಬುಷ್ ಮಾತ್ರ ಲೇತ್‌ನಲ್ಲಿ ಮಾಡಿಸಿಕೊಳ್ಳಿ. ಹಾಕಿದ ಮೇಲೆ ಹತ್ತು ಗಂಟೆ ಓಡಿಸಿ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ.