ವಾಲ್ಪ್ರೊಯೇಟ್ ಜೊತೆಗೆ ಎರಡನೆಯ ಔಷಧ: ಲ್ಯಾಮೊಟ್ರಿಜಿನ್ ಅಥವಾ ಲೆವೆಟಿರಾಸಿಟಮ್

ವಾಲ್ಪ್ರೊಯೇಟ್ ಒಂದರಿಂದಲೇ ಮೂರ್ಛೆ ಹತೋಟಿಗೆ ಬಾರದಿದ್ದಾಗ ವೈದ್ಯರು ಸೂಚಿಸುವ ಔಷಧಗಳಲ್ಲಿ ಇವೆರಡೂ ಸೇರಿವೆ.

ಯಕೃತ್ತು ಲ್ಯಾಮೊಟ್ರಿಜಿನ್ ಅನ್ನು ವಿಲೇವಾರಿ ಮಾಡುವ ಕ್ರಿಯೆಯನ್ನು ವಾಲ್ಪ್ರೊಯೇಟ್ ತಡೆಯುತ್ತದೆ. ಹೀಗಾಗಿ, ಒಂಟಿಯಾಗಿ ಸೇವಿಸಿದಾಗ ಸುಮಾರು 25 ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುವ ಲ್ಯಾಮೊಟ್ರಿಜಿನ್‌ಗೆ ಈಗ ಸುಮಾರು 60 ಗಂಟೆ ಬೇಕಾಗುತ್ತದೆ. ಆದ್ದರಿಂದಲೇ ವಯಸ್ಕರಿಗೆ ಮೊದಲ ಎರಡು ವಾರ ದಿನ ಬಿಟ್ಟು ದಿನ 25 ಮಿ.ಗ್ರಾಂ. ಕೊಟ್ಟು, ಆಮೇಲೆ ನಿಧಾನವಾಗಿ ಏರಿಸುತ್ತಾರೆ. ಈ ನಿಧಾನವನ್ನು ಸಹಿಸಿಕೊಳ್ಳಲೇಬೇಕು: ಆತುರಪಟ್ಟರೆ ಜೀವಕ್ಕೇ ಅಪಾಯ ತರುವ ಚರ್ಮದ ಪ್ರತಿಕ್ರಿಯೆಯ ಸಂಭವ ಹೆಚ್ಚುತ್ತದೆ. ಮೈಮೇಲೆ ದದ್ದು, ಅದರೊಂದಿಗೆ ಜ್ವರ ಅಥವಾ ಬಾಯಿಹುಣ್ಣು ಕಂಡರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಮುಂದೆ ವಾಲ್ಪ್ರೊಯೇಟ್ ನಿಲ್ಲಿಸಿದರೆ ಲ್ಯಾಮೊಟ್ರಿಜಿನ್ ಮಟ್ಟ ಕುಸಿದು ಮೂರ್ಛೆ ಮರುಕಳಿಸಬಹುದು ಎಂಬುದನ್ನು ಅನೇಕರು ಮರೆಯುತ್ತಾರೆ. ಆದರೂ ಈ ಜೋಡಿ ಒಂದಕ್ಕೊಂದು ಬಲ ಕೊಡುತ್ತದೆ.

ಲೆವೆಟಿರಾಸಿಟಮ್ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಇಂಥ ತಿಕ್ಕಾಟವಿಲ್ಲ. ಬೇಗ ಪೂರ್ಣ ಪ್ರಮಾಣಕ್ಕೆ ಏರಿಸಬಹುದು. ಆದರೆ ಸಿಡುಕು, ಖಿನ್ನತೆ ತರಬಲ್ಲದು. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ತಗ್ಗಿಸಬೇಕು.

ತುರ್ತಾಗಿ ರಕ್ಷಣೆ ಬೇಕಾದವರಿಗೆ ಲೆವೆಟಿರಾಸಿಟಮ್, ಮನಸ್ಸು ಈಗಾಗಲೇ ಕುಗ್ಗಿರುವವರಿಗೆ ಲ್ಯಾಮೊಟ್ರಿಜಿನ್ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ವೈದ್ಯರನ್ನು ಕೇಳದೆ ಯಾವುದನ್ನೂ ಬದಲಿಸಬಾರದು.